ಮಾವನ ಬಂದೂಕಿಗೆ ನಾನು ತುಕ್ಕು ಹಿಡಿಸಿದ್ದು

ಕಬ್ಬಿಣ ಕಂಡರೆ ಹೆಬ್ಬೆರಳಿಂದ ಉಜ್ಜಿ ನೋಡುವುದು ನನ್ನ ಹಳೆಯ ಚಾಳಿ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಗೇಟಿನ ಸರಳನ್ನು ಒಮ್ಮೆ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿರುತ್ತೇನೆ. ಒಮ್ಮೆ ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಬಂದು ಕೂತದ್ದೂ ಗೊತ್ತಾಗದೆ ಕಿಟಕಿಯ ಕಂಬಿ ಉಜ್ಜುತ್ತ ನಿಂತಿದ್ದೆ. ಇವರು ಬಣ್ಣ ಹೊಡೆಯುವ ಕಂತ್ರಾಟುದಾರರಿರಬೇಕು ಎಂದು ಹುಡುಗಿಯ ಕಡೆಯವರು ಮಾತಾಡಿಕೊಂಡರಂತೆ. ಹೋದ ವಾರ ನನ್ನ ಹೆಂಡತಿ ಸರೋಜ ದೋಸೆ ಹೆಂಚನ್ನು ಯಾವುದೋ ಹೊಸ ಪುಡಿಯಲ್ಲಿ ತಿಕ್ಕಿ, ಒರೆಸದೆ ಇಟ್ಟಿದ್ದಳು. ಬೆಳಗಾಗುವುದರೊಳಗೆ ಅದರ ಮೈಮೇಲೆಲ್ಲ ಕೆಂಪು ಎದ್ದಿತ್ತು. ನಾನು ಎತ್ತಿಕೊಂಡು ಪರೀಕ್ಷೆ ಶುರು ಮಾಡಿದ್ದೇ ತಡ, "ಅದನ್ನ ಕೆಳಗಿಡ್ರಿ. ನೀವು ತುಕ್ಕು ಬಿಡ್ಸೋ ಚೆಂದ ನಮ್ಮಪ್ಪನ ಬಂದೂಕಿನಾಗೇ ನೋಡೀನಿ," ಅಂದಳು.

ಬಹಳ ವರ್ಷ ಸಂಸಾರ ಮಾಡಿದವರು ಜಗಳಕ್ಕೆ ಹೊಸ ಸರಕು ಹುಡುಕುವುದಿಲ್ಲ, ಹಳೆಯದನ್ನೇ ತೊಳೆದು ತರುತ್ತಾರೆ. ಆದರೆ ಈ ಸರಕಿನ ಪೂರ್ತಿ ಕಥೆಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂಬುದು ಒಂದು ಕಾರಣ. ಈಗ ಹೋಗುವಷ್ಟು ಮರ್ಯಾದೆ ಉಳಿದಿಲ್ಲವಾದ್ದರಿಂದ ಹೇಳಬಹುದು.

ಎಪ್ಪತ್ತಮೂರೋ ಎಪ್ಪತ್ನಾಲ್ಕೋ ಇರಬೇಕು. ಸರೋಜಳನ್ನು ಕೇಳಿದರೆ ತಿಥಿ ವಾರ ಸಮೇತ ಹೇಳುತ್ತಾಳೆ, ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ನಾನಾಗ ಹಿರಿಯೂರಿನ ಹತ್ತಿರ ಬಬ್ಬೂರಿನ ಫಾರಂನಲ್ಲಿ ಮಣ್ಣು ಪರೀಕ್ಷೆಯ ಕೋಣೆಯ ಸಹಾಯಕ. ಸಹಾಯಕ ಎಂದರೆ ಗಾಜಿನ ನಳಿಕೆ ತೊಳೆಯುವುದು, ಮಣ್ಣು ಜರಡಿ ಹಿಡಿಯುವುದು, ಸೀಸೆಗಳ ಮೇಲೆ ಚೀಟಿ ಅಂಟಿಸುವುದು. ಇದು ಬಬ್ಬೂರಿನಲ್ಲಿ. ಹೊಸದುರ್ಗದಾಚೆ ಮಾಡದಕೆರೆಗೆ, ಅಂದರೆ ಹೆಂಡತಿಯ ಊರಿಗೆ ಹೋದ ಕೂಡಲೇ ನಾನು ಸೈಂಟಿಸ್ಟು. "ನಮ್ಮ ಅಳಿಯಂದ್ರು ಮಣ್ಣು ಮೂಸಿ ನೋಡಿದ್ರೆ ಸಾಕು, ಏನು ಬೆಳೀತದೆ ಅಂತ ಹೇಳಿಬಿಡ್ತಾರೆ," ಎಂದು ಮಾವ ಮೈಲಾರಪ್ಪ ಊರಿಗೆಲ್ಲ ಸಾರಿದ್ದರು. ನಾನು ತಿದ್ದಲಿಲ್ಲ. ಎರಡು ಮೂರು ಹೊಲಗಳಲ್ಲಿ ಮಣ್ಣನ್ನು ಮೂಸಿಯೂ ನೋಡಿದ್ದೆ.

ನಮ್ಮದೂ ಕುರಿಯವರ ಮನೆಯೇ. ಹುಟ್ಟಿದ್ದು ಹೊಳಲ್ಕೆರೆ ಕಡೆ ಬಿ.ದುರ್ಗದಲ್ಲಿ. ನಮ್ಮವ್ವ ಸುಗ್ಗಿ ಮುಗಿದ ಮೇಲೆ ಕುಡುಗೋಲು, ಕುರುಪಿ, ಉಣ್ಣೆ ಕತ್ತರಿಸುವ ಕತ್ತರಿ ಎಲ್ಲವಕ್ಕೂ ಹರಳೆಣ್ಣೆ ಸವರಿ ಗೋಡೆಗೆ ಸಾಲಾಗಿ ತೂಗುಹಾಕುತ್ತಿದ್ದಳು. ನಾವು ಮಕ್ಕಳು ತಲೆಗೆ ಎಣ್ಣೆ ಕೇಳಿದರೆ, "ಮೊದ್ಲು ಕುಡುಗೋಲಿಗೆ, ಉಳಿದ್ರೆ ನಿಮಗೆ," ಅನ್ನುತ್ತಿದ್ದಳು. ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ನಮ್ಮ ತಲೆಗಳು ಒಣಗಿ ಕಡ್ಡಿಯಾಗಿರುತ್ತಿದ್ದವು, ಕುಡುಗೋಲುಗಳು ಮಾತ್ರ ಮದುವಣಗಿತ್ತಿಯರ ಹಾಗೆ ಹೊಳೆಯುತ್ತಿದ್ದವು. ಕಬ್ಬಿಣದ ಮೇಲಿನ ನನ್ನ ಮೋಹಕ್ಕೆ ಬೀಜ ಬಿದ್ದದ್ದು ಅಲ್ಲೇ ಇರಬೇಕು.

ಮಾವನಲ್ಲಿ ನೂರಕ್ಕೆ ಹತ್ತಿರ ಕುರಿಗಳಿದ್ದವು, ಹೊಲದ ಹಟ್ಟಿಗೆ ಬರುವ ತೋಳಗಳಿದ್ದವು, ಮತ್ತು ಅವೆರಡರ ನಡುವೆ ನಿಲ್ಲಲು ಒಂದು ಲೈಸನ್ಸಿನ ಬಂದೂಕಿತ್ತು. ಹಳೆಯ ಕಾಲದ ಕೇಪಿನ ಬಂದೂಕು. ಅದಕ್ಕೆ ತೋಟಾ ಇಲ್ಲ. ಉದ್ದನೆಯ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸೀಸದ ಚರೆ ಹಾಕಿ, ಮೇಲೆ ಮತ್ತೆ ನಾರು ತುರುಕಿ, ಕಬ್ಬಿಣದ ಸರಳಿನಿಂದ ಜಡಿಯಬೇಕು. ಹಿಂದುಗಡೆ ಸಣ್ಣ ತೂತಿನ ಮೇಲೆ ಕೇಪು ಎಂಬ ಸಿಡಿಯುವ ಪುಟ್ಟ ಟೋಪಿ ಇಟ್ಟು, ಅದಕ್ಕೆ ಬಡಿಯುವ ಕುದುರೆ ಬಿಟ್ಟರೆ ಢಂ. ಅದು ಯಾವ ತೋಳವನ್ನೂ ಕೊಂದ ದಾಖಲೆಯಿಲ್ಲ. ಸದ್ದಿಗೇ ಓಡಿಹೋಗುತ್ತಿದ್ದವು. ಮಾವನಿಗೂ ಬೇಕಾಗಿದ್ದದ್ದು ಅಷ್ಟೇ.

ಆ ವರ್ಷ ತಪಾಸಣೆಗೆ ಹೋದಾಗ ಕಚೇರಿಯ ಸಾಹೇಬರು ನಳಿಗೆಯ ತುಕ್ಕು ನೋಡಿ, "ಇದನ್ನು ಹೀಗೇ ಬಿಟ್ಟರೆ ಒಂದು ದಿನ ನಿಮ್ಮ ಮುಖಕ್ಕೇ ಸಿಡಿಯುತ್ತೆ. ಒಂದು ತಿಂಗಳು ಟೈಮ್ ಕೊಡ್ತೀನಿ. ಸರಿ ಮಾಡಿಸಿ ತಂದು ತೋರಿಸಿದರೆ ಲೈಸನ್ಸು, ಇಲ್ಲದಿದ್ದರೆ ಬಂದೂಕು ಇಲ್ಲೇ ಇಟ್ಟು ಹೋಗಿ," ಅಂದಿದ್ದರಂತೆ. ಮಾವ ಊಟ ಬಿಟ್ಟಿದ್ದರು. ಬಂದೂಕು ಹೋದರೆ ಹಟ್ಟಿಯಲ್ಲಿ ಕುರಿ ಉಳಿಯುವುದಿಲ್ಲ, ಕುರಿ ಹೋದರೆ ತಾನು ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಬಂದೂಕು ರಿಪೇರಿಯವರು ಯಾರೂ ಹತ್ತಿರದಲ್ಲಿರಲಿಲ್ಲ. ಇದ್ದವನು ನಾನು, ಸೈಂಟಿಸ್ಟು.

"ಅಳಿಯಂದ್ರೇ, ನಿಮ್ಮ ಕೈಯಾಗೆ ಏನಾದ್ರೂ ಆಗ್ತತೇನ್ರಿ?" ಅಂದರು.

ಮದುವೆಯಾಗಿ ಎರಡನೆಯ ಬೇಸಿಗೆ. ಅಳಿಯನಾದವನು ಆಗಲ್ಲ ಅನ್ನುವುದುಂಟೇ? "ಅದೇನು ದೊಡ್ಡದು ಮಾವ, ಹೊಸದರಂಗೆ ಮಾಡಿಕೊಡ್ತೀನಿ," ಅಂದುಬಿಟ್ಟೆ. ಬಬ್ಬೂರಿಗೆ ಬಂದವನೇ ನಮ್ಮ ಕೋಣೆಯ ಹಿರಿಯರೊಬ್ಬರ ಕಾಲು ಹಿಡಿದೆ. ಒಂದಿಷ್ಟು ಆ್ಯಸಿಡ್ ಕೊಡಿ, ಸವರಿ ತೊಳೆದುಬಿಡುತ್ತೇನೆ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅದರ ಹೊಗೆ ಕುಡಿದರೆ ಬಂದೂಕಿಗಿಂತ ಮೊದಲು ನಿನ್ನ ಎದೆಗೂಡು ತೂತಾಗುತ್ತೆ. ಮನೆಯಲ್ಲಿ ಮಾಡೋ ಕೆಲಸವನ್ನ ಮನೆಯಲ್ಲಿ ಸಿಗೋದರಲ್ಲೇ ಮಾಡು," ಅಂದು ಒಂದು ನಿಧಾನದ ವಿಧಾನ ಹೇಳಿಕೊಟ್ಟರು.

ವಿಧಾನ ಹೀಗೆ. ಹಳೆಯ ತುಕ್ಕನ್ನು ಉಪ್ಪುಕಾಗದದಲ್ಲಿ ತಿಕ್ಕಿ ತೆಗೆಯಬೇಕು, ನಳಿಗೆಯ ಮೇಲೆ ಒತ್ತಿರುವ ನಂಬರಿನ ತಂಟೆಗೆ ಮಾತ್ರ ಹೋಗಬಾರದು. ಸೀಗೆಪುಡಿ ಹಾಕಿ ಉಜ್ಜಿ, ಎಣ್ಣೆ ಜಿಡ್ಡು ಚೂರೂ ಉಳಿಯದ ಹಾಗೆ ತೊಳೆಯಬೇಕು. ಆಮೇಲೆ ಉಪ್ಪುನೀರಿಗೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಬಟ್ಟೆಯಲ್ಲಿ ತೆಳ್ಳಗೆ ಸವರಿ, ತೇವದ ಜಾಗದಲ್ಲಿ ರಾತ್ರಿಯಿಡೀ ತೂಗುಹಾಕಬೇಕು. ಬೆಳಿಗ್ಗೆಗೆ ಹೊಸ ತುಕ್ಕು ಬಂದಿರುತ್ತದೆ, ಸಣ್ಣಗೆ, ಒಂದೇ ಸಮನೆ. ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಆ ಕೆಂಪೇ ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿ, ಮತ್ತೆ ಉಪ್ಪುನೀರು ಸವರಬೇಕು. ಹೀಗೆ ಏಳು ಸಲ ಮಾಡಿದರೆ ನಳಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತುಕ್ಕು ಹತ್ತಿರ ಸುಳಿಯುವುದಿಲ್ಲ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು ಅಂತಾರಲ್ಲ, ಅದೇ.

ಕುದಿಸುವ ನೀರು ಮಾತ್ರ ಊರ ಬಾವಿಯದಾಗಬಾರದು, ನಮ್ಮ ಕಡೆಯ ಗಡಸು ನೀರು ಬಿಳಿ ಕಲೆ ಬಿಡುತ್ತದೆ ಎಂದೂ ಹೇಳಿದ್ದರು. ಅದಕ್ಕೆ ಎರಡು ದೊಡ್ಡ ಗಾಜಿನ ಜಾಡಿಗಳಲ್ಲಿ ಭಟ್ಟಿ ಇಳಿಸಿದ ನೀರು ತುಂಬಿಕೊಂಡು ಹಿರಿಯೂರಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಏನು ಅಂದ. ನಿಜವನ್ನೇ ಹೇಳಿದೆ. ಭಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ಅಕ್ಕಪಕ್ಕದವರ ಮುಖವೂ ಅರಳಿತು. ಮುಚ್ಚಳ ತೆಗೆಸಿ ಮೂಸಿದ, ಅಂಗೈಗೆ ಸುರಿದುಕೊಂಡು ನೆಕ್ಕಿದ. "ಏ, ಬರೀ ನೀರು ಕಣ್ರಪ್ಪ!" ಎಂದು ಬಸ್ಸಿಗೆಲ್ಲ ಕೇಳಿಸುವಂತೆ ಸಾರಿ, "ಯಾಕ್ರಿ, ಹೊಸದುರ್ಗದಾಗೆ ನೀರಿಲ್ವಾ?" ಅಂದ. ದಾರಿಯುದ್ದಕ್ಕೂ ಎಲ್ಲರೂ ನನ್ನನ್ನು ಮರುಕದಿಂದ ನೋಡುತ್ತಿದ್ದರು.

ಮಾಡದಕೆರೆಯಲ್ಲಿ ಮೊದಲ ತೊಡಕು ಬಂದದ್ದು ಪಾತ್ರೆಯದು. ಮೂರೂವರೆ ಅಡಿಯ ನಳಿಗೆ ಮುಳುಗುವ ಪಾತ್ರೆ ಯಾರ ಮನೆಯಲ್ಲಿದೆ? ಅತ್ತೆಯ ಅಡುಗೆಮನೆಯ ಕೊಪ್ಪರಿಗೆ ಕೇಳಿದೆ. ಇಲ್ಲಿ ನಮ್ಮ ಅತ್ತೆ ಕೆಂಚಮ್ಮನವರ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಆಗ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು, ಬಾಗಿಲ ಮರೆಯಿಂದ, ಮಗಳಿಗೆ ಹೇಳಿದ ಹಾಗೆ ಹೇಳುವುದು. ನಾನೂ ಮಗಳಿಗೆ ಹೇಳಿದ ಹಾಗೆ ಉತ್ತರ ಕೊಡುವುದು. ಇಬ್ಬರ ನಡುವೆ ಮೂರು ಮೊಳ ದೂರವೂ ಇರುತ್ತಿರಲಿಲ್ಲ. ಸರೋಜ ನೀರಿಗೆ ಹೋಗಿದ್ದರೆ ಅತ್ತೆ ಬೆಕ್ಕಿಗೆ ಹೇಳುತ್ತಿದ್ದರು: "ರೊಟ್ಟಿ ಆರ್ತಾ ಅವೆ, ಉಣ್ಣೋರು ಬಂದು ಉಣ್ಬೋದು." ಬೆಕ್ಕು ಏಳುತ್ತಿರಲಿಲ್ಲ, ನಾನು ಎದ್ದು ಹೋಗುತ್ತಿದ್ದೆ.

"ಸರೋಜಾ, ಉಣ್ಣೋ ಪಾತ್ರೆಗೆ ಬಂದೂಕು ಇಳಿಸಿದ್ರೆ ಆ ಪಾತ್ರೆನ ನಾನು ಮತ್ತೆ ಒಲೆ ಮ್ಯಾಗೆ ಇಡಂಗಿಲ್ಲ ಅಂತ ಹೇಳು," ಅಂದರು. ಸರಿಯಾದ ಮಾತೇ. ಪೇಟೆಯಲ್ಲಿ ತಗಡಿನ ಕೆಲಸದವನಿಂದ ಉದ್ದನೆಯ ದೋಣಿಯಂಥ ತೊಟ್ಟಿಯೊಂದನ್ನು ಮಡಚಿಸಿ ತಂದೆ.

ಮೊದಲ ದಿನ ಮಾವ ಬಂದೂಕನ್ನು ಅಂಗಳದಲ್ಲಿ ಕಂಬಳಿಯ ಮೇಲೆ ಮಲಗಿಸಿ, ಜಡಿಯುವ ಸರಳನ್ನು ನಳಿಗೆಯ ಬಾಯಿಂದ ಇಳಿಬಿಟ್ಟು ತೋರಿಸಿದರು. ಸರಳಿನ ಮೇಲೆ ಅರದಿಂದ ಕೊರೆದ ಒಂದು ಗೀರು. ನಳಿಗೆ ಖಾಲಿಯಿದ್ದರೆ ಆ ಗೀರು ನೇರ ಬಾಯಿಯ ಅಂಚಿಗೆ ಬಂದು ನಿಲ್ಲುತ್ತದೆ. ಒಳಗೆ ಮದ್ದು ಇದ್ದರೆ ಸರಳು ಪೂರ್ತಿ ಇಳಿಯದೆ ಗೀರು ನಾಲ್ಕು ಬೆರಳು ಮೇಲೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ತುಂಬಿದ್ದಕ್ಕೂ ಖಾಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವತ್ತು ಗೀರು ಅಂಚಿಗೇ ಬಂತು. ಮಾವ ನಳಿಗೆಯನ್ನು ಮರದ ಹಿಡಿಯಿಂದ ಬಿಚ್ಚಿ, ಬಾಯಿಗೆ ಮರದ ಬಿರಡೆ ಜಡಿದು, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಹೆಣ್ಣು ಒಪ್ಪಿಸಿಕೊಟ್ಟಾಗಲೂ ಅಷ್ಟು ಅಳುಮುಖ ಮಾಡಿರಲಿಲ್ಲ.

ಎರಡನೆಯ ತೊಡಕು ಯಾರೂ ಊಹಿಸಲಾರದ್ದು. ತುಕ್ಕೇ ಬರಲಿಲ್ಲ! ಚೈತ್ರದ ಬಿಸಿಲು. ನಮ್ಮ ಸೀಮೆಯಲ್ಲಿ ಆ ತಿಂಗಳು ಒಗೆದ ಬಟ್ಟೆ ಹಿಂಡುವುದರೊಳಗೆ ಒಣಗುತ್ತದೆ, ಇನ್ನು ಕಬ್ಬಿಣಕ್ಕೆ ತೇವ ಎಲ್ಲಿಂದ? ವರ್ಷಗಟ್ಟಲೆ ಬೇಡಬೇಡವೆಂದರೂ ಹಿಡಿದಿದ್ದ ತುಕ್ಕು, ಬಾ ಎಂದು ಕರೆದಾಗ ಮುಖ ತಿರುಗಿಸಿತು. ಕೊನೆಗೆ ನಳಿಗೆಯನ್ನು ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯ ಪಕ್ಕದ ತೊಲೆಗೆ ತೂಗುಹಾಕಿದೆ. ಆ ತೇವಕ್ಕೆ ಬೆಳಗಾಗುವುದರೊಳಗೆ ಕೆಮ್ಮಣ್ಣು ಬಳಿದ ಹಾಗೆ ತುಕ್ಕು ಬಂತು. ಮಾವ ಮುಖ ತೊಳೆಯಲು ಹೋದವರು ಹಾಗೇ ಈಚೆ ಬಂದು, "ಅಳಿಯಂದ್ರೇ, ಇದ್ದದ್ದನ್ನ ತೆಗೀರಿ ಅಂದ್ರೆ ಇಲ್ಲದ್ದನ್ನೂ ಹಿಡಿಸಿದ್ರಲ್ಲಪ್ಪ," ಅಂದು ಜಗಲಿಯ ಮೇಲೆ ಕುಸಿದು ಕೂತರು. ದೋಣಿಯ ಕುದಿನೀರಲ್ಲಿ ಕೆಂಪು ಕಪ್ಪಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ರೊಟ್ಟಿ ಮುರಿದದ್ದು.

ಎಲ್ಲ ಸರಿಹೋಯಿತು ಅನ್ನುವಾಗ ಮೂರನೆಯದು ಶುರುವಾಯಿತು. ನಳಿಗೆಯ ಬಾಯಿಯ ಹತ್ತಿರ, ಒಂದು ಹಿಡಿಯಷ್ಟು ಜಾಗದಲ್ಲಿ ತುಕ್ಕೂ ಬರಲಿಲ್ಲ, ಬಣ್ಣವೂ ಬರಲಿಲ್ಲ. ಸುತ್ತೆಲ್ಲ ಕಪ್ಪು, ಅಲ್ಲಿ ಮಾತ್ರ ಬಿಳಿ. ತಿಕ್ಕಿದೆ, ಸೀಗೆಪುಡಿ ಹಾಕಿ ತೊಳೆದೆ, ಎರಡು ಪಟ್ಟು ಉಪ್ಪುನೀರು ಬಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಜಾಗ, ಅದೇ ಬಿಳಿ. ಹತ್ತಿರದಿಂದ ನೋಡಿದಾಗ ಅದಕ್ಕೊಂದು ಆಕಾರವೂ ಇತ್ತು. ನಾಲ್ಕು ಬೆರಳು ಈ ಕಡೆ, ಒಂದು ಹೆಬ್ಬೆರಳು ಆ ಕಡೆ.

ಯಾರೋ ಮುಟ್ಟುತ್ತಿದ್ದಾರೆ. ಬರೀ ಕೈಯಾದರೆ ಬೆವರಿಗೆ ತುಕ್ಕು ಇನ್ನೂ ಹೆಚ್ಚಬೇಕು, ಇದು ತುಕ್ಕನ್ನು ತಡೆಯುವ ಕೈ. ಜಿಡ್ಡಿನ ಕೈ. ಇಷ್ಟನ್ನು ವಿಜ್ಞಾನದ ಬಲದಿಂದ ಕಂಡುಹಿಡಿದು, ನಳಿಗೆ ಬಚ್ಚಲಿಗೆ ಬಂದ ಮೇಲಿನ ನಾಲ್ಕನೆಯ ಬೆಳಿಗ್ಗೆ, ಬೆಳಕು ಹರಿಯುವ ಹೊತ್ತಿಗೆ ಬಚ್ಚಲ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಅತ್ತೆ. ಎಡಗೈಯಲ್ಲಿ ನಳಿಗೆಯ ಬಾಯಿ ಹಿಡಿದು ವಾಲಿಸಿದ್ದಾರೆ, ಬಿರಡೆ ಕಿತ್ತು ಹಲ್ಲಲ್ಲಿ ಕಚ್ಚಿದ್ದಾರೆ, ಬಲಗೈಯಲ್ಲಿ ಸರಳನ್ನು ಇಳಿಬಿಡುತ್ತಿದ್ದಾರೆ. ಗೀರು ಅಂಚಿಗೆ ಬಂದದ್ದನ್ನು ಬಗ್ಗಿ ನೋಡಿ, ಸರಳು ತೆಗೆದು, ಬಿರಡೆ ಹಾಕಿ, ಆಮೇಲೆ ಹಂಡೆಯ ಒಲೆಗೆ ಬೆಂಕಿ ಹೊತ್ತಿಸಿದರು. ಅವರು ದಿನವಿಡೀ ಕಂಬಳಿಗೆ ಉಣ್ಣೆ ಹಿಂಜಿ ನೂಲುವವರು. ಕುರಿಯ ಉಣ್ಣೆಯ ಜಿಡ್ಡು ಆ ಕೈಗಳಿಗೆ ಇಳಿದು ಎಷ್ಟು ವರ್ಷಗಳಾಗಿದ್ದವೋ, ಯಾವ ಸೀಗೆಗೂ ಹೋಗುವಂಥದ್ದಲ್ಲ.

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಸರೋಜಳನ್ನು ಎಬ್ಬಿಸಿ ಕರೆತಂದು, "ನಿಮ್ಮವ್ವಗೆ ಹೇಳು, ಅದು ಬಂದೂಕಲ್ಲ ಈಗ, ಬರೀ ಕೊಳವೆ. ಮೂರು ಸಲ ಕುದಿಸೀನಿ. ಅದರಾಗೆ ಏನೂ ಇಲ್ಲ, ಖಾಲಿ," ಅಂದೆ.

ಅತ್ತೆ ಹಂಡೆಯ ಕಡೆ ಮುಖ ಮಾಡಿಕೊಂಡೇ, "ಅವತ್ತೂ ಖಾಲಿ ಐತೆ ಅಂದಿದ್ರು," ಅಂದರು.

ಯಾವತ್ತು ಎಂಬುದನ್ನು ಸರೋಜ ಆಮೇಲೆ ಹೇಳಿದಳು. ಅತ್ತೆಗೆ ಹನ್ನೆರಡು ವರ್ಷವಿದ್ದಾಗ, ಅವರ ತವರಿನಲ್ಲಿ, ಗೋಡೆಗೆ ನೇತಾಡುತ್ತಿದ್ದ ಇಂಥದ್ದೇ ಬಂದೂಕನ್ನು ಅವರ ಅಣ್ಣ ಮಳೆಗಾಲದಲ್ಲಿ ಒಲೆಯ ಮುಂದೆ ಒಣಗಿಸಲು ಹಿಡಿದಿದ್ದನಂತೆ. ಅದು ವರ್ಷದಿಂದ ಖಾಲಿ ಎಂದು ಮನೆಯವರೆಲ್ಲ ಹೇಳಿದ್ದರು. ಒಲೆಯ ಕಿಡಿ ಕೇಪಿನ ತೂತಿಗೆ ಹಾರಿತೋ ಏನೋ. ಅತ್ತೆ ಅದೇ ಕೋಣೆಯಲ್ಲಿ ರಾಗಿ ಬೀಸುತ್ತಿದ್ದರು. ಅಣ್ಣ ಆ ಸಂಜೆಯವರೆಗೂ ಉಳಿಯಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲೂ ಬಂದೂಕು ಇದೆ ಎಂದು ಗೊತ್ತಾದಾಗ ಅವರು ಕೇಳಿದ್ದು ಒಂದೇ: ಬಂದೂಕು ಇರುವ ಕಡೆ ಬೆಂಕಿ ಹಚ್ಚುವ ಮೊದಲು ಸರಳು ಹಾಕಿ ನೋಡುವುದು ತನ್ನ ಕೆಲಸ, ಅದಕ್ಕೆ ಯಾರೂ ಅಡ್ಡ ಬರಬಾರದು. ಬಚ್ಚಲಲ್ಲಿ ಒಲೆಯ ಪಕ್ಕ ಅದನ್ನು ತೂಗುಹಾಕಿದವನು ನಾನು. ಪಾಪ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅಲ್ಲಿ ಬೆಂಕಿ ಹಚ್ಚುವವರು ಅವರು.

ಕೇಳಿ ಅಯ್ಯೋ ಅನಿಸಿತು. ಆದರೆ ಅಯ್ಯೋ ಅನ್ನಿಸುವುದು ಬೇರೆ, ಬುದ್ಧಿ ಬರುವುದು ಬೇರೆ. ಹಳೆಯ ಹೆದರಿಕೆ, ಅದಕ್ಕೆ ಮದ್ದಿಲ್ಲ ಅಂದುಕೊಂಡು, ನನ್ನ ಬಣ್ಣ ಉಳಿಸಿಕೊಳ್ಳುವ ಉಪಾಯವನ್ನಷ್ಟೇ ಮಾಡಿದೆ. ಒಂದು ಕರ್ಚೀಪನ್ನು ಸರೋಜಳ ಕೈಗೆ ಕೊಟ್ಟು, ನೋಡುವುದಾದರೆ ಇದನ್ನು ಸುತ್ತಿಕೊಂಡು ಮುಟ್ಟಲಿ ಅಂದೆ. ಅತ್ತೆ ಹಾಗೇ ಮಾಡಿದರು. ದಿನವೂ ಅದನ್ನು ಒಗೆದು ಹಗ್ಗದ ಮೇಲೆ ಒಣಹಾಕುತ್ತಿದ್ದರು. ಬಿಳಿಯ ಜಾಗ ನಿಧಾನವಾಗಿ ಕಪ್ಪಾಗುತ್ತ ಬಂತು. ಏಳನೆಯ ಕುದಿ ಮುಗಿದಾಗ ನಳಿಗೆ ನೋಡಬೇಕಿತ್ತು ನೀವು. ಊರಿನ ಹತ್ತು ಜನ ಬಂದು ನೋಡಿ ಹೋದರು. ಒಬ್ಬರು ತಮ್ಮ ಗುದ್ದಲಿಯನ್ನೂ ಹಾಗೆ ಮಾಡಿಕೊಡಿ ಅಂದರು. "ಇನ್ನೇನಿಲ್ಲ ಮಾವ, ಮುಗೀತು," ಎಂದು ಘೋಷಿಸಿ, ನಳಿಗೆಯನ್ನು ಬಚ್ಚಲಿಂದ ತೆಗೆದು ಪಡಸಾಲೆಯ ಗೂಟಗಳ ಮೇಲೆ ಇಟ್ಟೆ. ಇನ್ನೆರಡು ದಿನಕ್ಕೆ ತಪಾಸಣೆ.

ಮರುದಿನ ಬೆಳಿಗ್ಗೆ ಮಾವ ಕುರಿ ಹೊಡೆದುಕೊಂಡು ಹೋಗಿದ್ದರು. ನಾನು ರೊಟ್ಟಿ ತಿಂದು ನಳಿಗೆಯನ್ನು ಬಿಸಿಲಿಗೆ ಹಿಡಿದು ಮೆಚ್ಚುತ್ತಿದ್ದೆ. ಮೆಚ್ಚುವವನಿಗೆ ಸುಮ್ಮನಿರಲಾಗುವುದಿಲ್ಲ. ಸ್ವಲ್ಪ ಬಿಸಿ ಮಾಡಿ ಜೇನುಮೇಣ ತಿಕ್ಕಿದರೆ ಇನ್ನೂ ಮಿರುಗುತ್ತದಲ್ಲ ಎಂದು ಹೊಳೆಯಿತು. ಬಚ್ಚಲ ಒಲೆಯಿಂದ ಬಾಣಲೆಯ ತುಂಬ ಕೆಂಡ ತುಂಬಿಕೊಂಡು ಅಂಗಳಕ್ಕೆ ತಂದೆ. ಸರೋಜ ಮನೆಯಲ್ಲಿದ್ದ ಮೇಣದ ಉಂಡೆ ತುರಿಯುತ್ತಿದ್ದಳು. ಅತ್ತೆ ಜಗಲಿಯ ಆ ತುದಿಯಲ್ಲಿ ಉಣ್ಣೆ ಹಿಂಜುತ್ತಿದ್ದರು.

"ಸರೋಜಾ, ಸರಳು ಹಾಕಿದ್ರಾ ಕೇಳು," ಅಂದರು.

"ಏಳು ಸಲ ಕುದ್ದೈತೆ ಅಂತ ಹೇಳು. ಅದರಾಗೆ ಇನ್ನೇನು ಉಳಿದೀತು?" ಅಂದೆ ನಾನು.

"ಒಂದು ಸಲ ಹಾಕಿಬಿಡ್ಲಿ ಅಂತ ಹೇಳು."

ನಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೆಂಡ ಊದುತ್ತಿದ್ದೆ. ಮುಖಕ್ಕೆ ಝಳ, ತಲೆಯಲ್ಲಿ ಊರಿನವರ ಹೊಗಳಿಕೆ. ಅತ್ತೆ ಎದ್ದು ಬರುತ್ತಿರುವುದು ಕಂಡಿತು, ಕೈಯಲ್ಲಿ ಕರ್ಚೀಪಿರಲಿಲ್ಲ. "ಆ ಜಿಡ್ಡಿನ ಕೈ ತಂದು ಇಷ್ಟು ದಿನದ ಕೆಲಸ ಹಾಳು ಮಾಡಬ್ಯಾಡ ಅಂತ ಹೇಳು ನಿಮ್ಮವ್ವಗೆ," ಎಂದು ಗದರಿದೆ. ಸರೋಜ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅತ್ತೆ ಬಂದು ನನ್ನೆದುರು ನಿಂತರು. ಸೆರಗು ತಲೆಯಿಂದ ಜಾರಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ಬಿಡ್ರಿ," ಅಂದರು. ನಾನು ಬಿಟ್ಟೆ. ನಳಿಗೆಯನ್ನು ಕೆಂಡದಿಂದ ಹತ್ತು ಹೆಜ್ಜೆ ಆಚೆ ಒಯ್ದು, ನೆಲಕ್ಕೆ ಊರಿ, ಬಿರಡೆ ಕಿತ್ತು, ಸರಳು ಇಳಿಬಿಟ್ಟರು. ಬುಡ ಮುಟ್ಟಿದಾಗ ಟಣ್ ಅನ್ನಬೇಕಾದದ್ದು ಮೆತ್ತಗೆ ನಿಂತಿತು. ಗೀರು ಬಾಯಿಗಿಂತ ನಾಲ್ಕು ಬೆರಳು ಮೇಲಿತ್ತು.

ಸರೋಜ ಬಾಣಲೆಯ ಕೆಂಡದ ಮೇಲೆ ಕೊಡದ ನೀರು ಸುರಿದುಬಿಟ್ಟಳು. ನಾನು ಕೆಂಡದ ಮೇಲೆ ಹಿಡಿಯಲಿದ್ದದ್ದು ಬುಡದ ಕಡೆಯನ್ನು. ಬಾಯಿ ಸರೋಜಳ ಕಡೆಗಿತ್ತು.

ಮಧ್ಯಾಹ್ನ ಮಾವ ಬಂದ ಮೇಲೆ ವಿಷಯ ತಿಳಿಯಿತು. ಹಿಂದಿನ ಮುಸ್ಸಂಜೆ ಪಕ್ಕದ ಹೊಲದ ಹಟ್ಟಿಯ ಹತ್ತಿರ ತೋಳ ಕಂಡಿತೆಂದು ಕೂಗಿದ್ದರು. ನಾನು ಪೇಟೆಗೆ ಹೋಗಿದ್ದವನು ಕತ್ತಲಲ್ಲಿ ಬಂದು ಗೂಟದ ಕಡೆ ನೋಡದೆ ಮಲಗಿದ್ದೆ, ಅತ್ತೆಯೂ ಸರೋಜಳೂ ಆ ಹೊತ್ತಿಗೆ ನೀರಿಗೆ ಹೋಗಿದ್ದರು. ಮಾವ ನಳಿಗೆಯನ್ನು ಹಿಡಿಗೆ ಕೂಡಿಸಿ, ಮದ್ದು ಜಡಿದು, ಹಟ್ಟಿಯಲ್ಲಿ ಕಾದರು. ತೋಳ ಬರಲಿಲ್ಲ. ಅಳಿಯಂದಿರು ಇಷ್ಟು ಮುತುವರ್ಜಿಯಿಂದ ಮಾಡಿದ್ದನ್ನು ಕೇಳದೆ ಮುಟ್ಟಿದೆನಲ್ಲ, ಬೇಜಾರು ಮಾಡಿಕೊಂಡಾರು ಎಂಬ ಸಂಕೋಚ. ಬೆಳಗಿನ ಜಾವ ನಳಿಗೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಬಿರಡೆ ಹಾಕಿ, ಇದ್ದ ಹಾಗೇ ಗೂಟದ ಮೇಲಿಟ್ಟರು. ಮದ್ದನ್ನು ಮಧ್ಯಾಹ್ನ ಬಂದು ತೆಗೆದರಾಯಿತು, ಹೇಗೂ ಬೆಂಕಿಯ ಕೆಲಸ ಮುಗಿದಿದೆ ಎಂದು ನಾನೇ ಘೋಷಿಸಿದ್ದೆನಲ್ಲ. ಮರ್ಯಾದೆಗೆ ಅಂಜಿ ಅವರು ಹೇಳಲಿಲ್ಲ. ಬಡಾಯಿ ಹೆಚ್ಚಾಗಿ ನಾನು ಕೇಳಲಿಲ್ಲ. ಅಳಿಯತನ ಅನ್ನುವುದು ಅವತ್ತು ಒಂದು ಜೀವ ತೆಗೆಯುವುದರಲ್ಲಿತ್ತು.

ಮಾವ ನಳಿಗೆಯ ಬಾಯಿಗೆ ನೀರು ಹೊ​ಯ್ದು ಮದ್ದನ್ನು ನೆನೆಸಿ, ಬಹಳ ಹೊತ್ತು ಬಿಟ್ಟು, ತುದಿಗೆ ತಿರುಪು ಇರುವ ಕಡ್ಡಿಯಿಂದ ನಾರು, ಚರೆ, ಕಪ್ಪು ಕೆಸರು ಎಲ್ಲವನ್ನೂ ಈಚೆ ತೆಗೆದರು. "ನಂದೇ ತಪ್ಪು ಅಳಿಯಂದ್ರೇ," ಅಂದರು. ನಂದೂ ಅನ್ನಲು ಬಾಯಿ ಬರಲಿಲ್ಲ. ಅತ್ತೆ ಹೋಗಿ ಉಣ್ಣೆಯ ಮುಂದೆ ಕೂತರು. ಆ ಕೈಗೆ ಜಿಡ್ಡಿನ ಕೈ ಅಂದೆನಲ್ಲ ಎಂದು ನಾಚಿಕೆಯಾಯಿತು. ಈಗಲೂ ಆಗುತ್ತದೆ.

ತಪಾಸಣೆಗೆ ಮಾವನ ಜೊತೆ ನಾನೂ ಹೋದೆ. ಸಾಹೇಬರು ನಂಬರು ಓದಿದರು, ನಳಿಗೆಯ ಮೇಲೆ ಬೆರಳಾಡಿಸಿದರು, "ಯಾರ್ರೀ ಮಾಡಿದ್ದು?" ಅಂದರು. "ನಮ್ಮ ಅಳಿಯಂದ್ರು, ಸೈಂಟಿಸ್ಟು," ಅಂದರು ಮಾವ. ಸಾಹೇಬರು ನನ್ನ ಕೈ ಕುಲುಕಿದರು, ಲೈಸನ್ಸಿಗೆ ಠಸ್ಸೆ ಒತ್ತಿದರು.

ಊರಿಗೆ ಬಂದಾಗ ಅತ್ತೆ ಜಗಲಿಯ ಮೇಲಿದ್ದರು. ಸರೋಜ ಒಳಗೆ ರೊಟ್ಟಿ ತಟ್ಟುತ್ತಿದ್ದಳು, ಬೆಕ್ಕೂ ಹತ್ತಿರವಿರಲಿಲ್ಲ. ಸೆರಗು ಸರಿಮಾಡಿಕೊಂಡು, "ಏನಂದ್ರು?" ಎಂದು ನನ್ನನ್ನೇ ಕೇಳಿದರು.

"ಚೆನ್ನಾಗೈತೆ ಅಂದ್ರು ಅತ್ತೆ. ಲೈಸನ್ಸು ಆತು."

"ಸರಳು ಹಾಕಿ ನೋಡಿದ್ರಾ?"

"ಇಲ್ಲ," ಅಂದೆ. "ಖಾಲಿ ಐತಾ ಅಂತ ಕೇಳಿದ್ರು. ಮಾವ ಹೂಂ ಅಂದ್ರು. ಬರಕಂಡ್ರು."

ಅತ್ತೆ ಕೈ ಚಾಚಿದರು. ಬಂದೂಕು ನನ್ನ ಹೆಗಲ ಮೇಲಿತ್ತು. ಇಳಿಸಿ, ನಳಿಗೆಯ ಕೆಳಗೆ ಸಿಕ್ಕಿಸಿದ್ದ ಸರಳನ್ನು ನಾನೇ ಎಳೆದು, ಆ ಕೈಗೆ ಕೊಟ್ಟೆ.